ಕಲಸಿಟ್ಟ ಸುಣ್ಣ

ವಿದ್ಯೆಯನ್ನು ಮಾರಬಾರದು, ದಾನ ಮಾಡಬೇಕು ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರಿಗೆಲ್ಲ ಕಾಫಿ ತೋಟವಿತ್ತು. ನನಗಿರಲಿಲ್ಲ.

ನನಗಿದ್ದದ್ದು ಮರ ನೋಡುವ ಕೆಲಸ. ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ಕೆಲವು ವರ್ಷ ರೈಟರ್ ಆಗಿದ್ದೆ. ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಸಂಜೆ ಮಾಲೀಕರ ಬೈಗುಳ ಕೇಳುವುದು. ತೊಂಬತ್ತರ ದಶಕದ ಮೊದಲಲ್ಲಿ ಅದನ್ನು ಬಿಟ್ಟು, ಮರ ಹತ್ತುವ ನಾಲ್ಕು ಜನರನ್ನು ಕಟ್ಟಿಕೊಂಡು ಸ್ವಂತ ಮರಗಸಿ ಕೆಲಸ ಶುರು ಮಾಡಿದೆ. ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳುವ ಹಾಗೆ ಮೇಲಿನ ನೆರಳುಮರಗಳ ಕೊಂಬೆ ತೆಗೆಯುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ಬಿಸಿಲು ಕಡಿಮೆಯಾದರೆ ಗಿಡ ಹೂ ಬಿಡುವುದಿಲ್ಲ. ಹೆಚ್ಚಾದರೆ ಬೋರರ್ ಹುಳ ಬಂದು ಕಾಂಡ ಕೊರೆಯುತ್ತದೆ. ಈ ಎರಡರ ನಡುವೆ ಇರುವ ಸ್ವಲ್ಪ ಜಾಗದಲ್ಲಿ ನನ್ನ ಜೀವನ ನಡೆಯಬೇಕಿತ್ತು.

ಕೆಲಸದಲ್ಲಿ ಎರಡು ಭಾಗ. ಯಾವ ಕೊಂಬೆ ಹೋಗಬೇಕು, ಯಾವುದು ಉಳಿಯಬೇಕು ಎಂದು ಮೊದಲು ನೋಡುವುದು, ಆಮೇಲೆ ಕಡಿಯುವುದು. ಕಡಿಯುವಾಗ ಬೆವರು ಬರುತ್ತದೆ, ಬಿದ್ದರೆ ಸೊಂಟ ಮುರಿಯುತ್ತದೆ, ಆದ್ದರಿಂದ ಅದಕ್ಕೆ ಕೂಲಿ ಉಂಟೆಂದು ಎಲ್ಲರೂ ಒಪ್ಪುತ್ತಾರೆ. ನೋಡುವವನು ಬರೀ ಕತ್ತೆತ್ತಿ ನಿಂತಿರುತ್ತಾನೆ. ಕತ್ತೆತ್ತಿ ನಿಲ್ಲುವುದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ? ಹತ್ತುವವನಿಗೆ ಕೂಲಿ, ನೋಡುವವನಿಗೆ ಕಾಫಿ. ಕಾಫಿ ಕುಡಿದ ಮೇಲೆ ಅವನು ನೆಂಟ. ನೆಂಟ ಬಿಲ್ಲು ಕೊಡುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ.

ನೋಡಿದ್ದನ್ನು ನಾನು ಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಯಾವ ಕಡೆಯ ಕೊಂಬೆ ತೆಗೆಯಬೇಕೋ ಮರದ ಬುಡದಲ್ಲಿ ಆ ಕಡೆಗೊಂದು ಗೆರೆ. ಮುಟ್ಟಲೇಬಾರದ ಮರಕ್ಕೆ ಸುತ್ತ ಒಂದು ಪಟ್ಟಿ. ಗುರುತು ಬಿತ್ತೆಂದರೆ ನನ್ನ ವಿದ್ಯೆಯೆಲ್ಲ ಮರದ ಮೈಮೇಲೆ ಬಂದಹಾಗೆ. ಉಳಿದದ್ದನ್ನು ಕತ್ತಿ ಹಿಡಿಯಲು ಬರುವ ಯಾರೂ ಮಾಡಬಹುದು. ಹೀಗಾಗಿ ಕರಾರು ಆಗದೆ ಸುಣ್ಣದ ಬ್ರಷ್ ಮುಟ್ಟುವುದಿಲ್ಲ ಎಂಬುದು ನಾನೇ ನನಗೆ ಹಾಕಿಕೊಂಡಿದ್ದ ಒಂದೇ ನಿಯಮ.

ಬಾಯಿಗೆ ಮಾತ್ರ ನಿಯಮ ಹಾಕಲು ಆಗಲಿಲ್ಲ. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಯಾರಾದರೊಬ್ಬರು ಜೇಬಿನಿಂದ ಬಾಡಿದ ಎಲೆ ತೆಗೆದು, ಮನೆದೇವರ ಪ್ರಸಾದ ಕೊಡುವ ಹಾಗೆ ನನ್ನ ಕೈಯಲ್ಲಿಡುತ್ತಿದ್ದರು. ಒಂದು ವೈಕುಂಠ ಸಮಾರಾಧನೆಯ ಊಟದಲ್ಲಿ ಪಕ್ಕದ ಎಲೆಯವರು ಪಾಯಸ ಬರುವ ಮೊದಲು ಹಾಲುವಾಣದ ಮರದ ಬಗ್ಗೆ, ಬಂದ ಮೇಲೆ ಸಿಲ್ವರ್ ಓಕ್ ಮರದ ಬಗ್ಗೆ ವಿಚಾರಿಸಿದರು. ತೀರಿಕೊಂಡವರ ಬಗ್ಗೆ ಕೊನೆಯಲ್ಲಿ ಒಂದು ಮಾತು ಆಡಿದರು: ಆ ಸಿಲ್ವರ್ ನೆಟ್ಟವರು ಅವರೇ ಅಂತೆ. ಮನೆಗೆ ಫೋನು ಬಂದ ಮೇಲಂತೂ ಕಷ್ಟ ಇನ್ನೂ ಹೆಚ್ಚಿತು.

"ಹಲೋ, ನಮ್ಮ ಹಿತ್ಲಲ್ಲಿ ಒಂದು ಹಲಸಿನ ಮರ ಉಂಟಲ್ಲ?"

"ಯಾರು ಮಾತಾಡೋದು?"

"ಅದಿರ್ಲಿ ಮಾರಾಯ್ರೇ. ಅದ್ರ ಎಲೆ ಹಳದಿ ಆಗ್ತಾ ಉಂಟು."

'ಸಲಹೆಗೆ ಶುಲ್ಕವಿದೆ' ಎಂದು ಮನೆಯ ಮುಂದೆ ಒಂದು ಬೋರ್ಡು ಹಾಕಿಸಿದೆ. ಬಂದವರು ಗಂಭೀರವಾಗಿ ಓದಿದರು. ಬೋರ್ಡು ಬರೆದದ್ದು ಯಾರು, ಬಣ್ಣ ಮಳೆಗೆ ನಿಲ್ಲುತ್ತದೆಯೇ ಎಂದು ಕೇಳಿ ತಿಳಿದುಕೊಂಡು ಹೋದರು. ಅದಕ್ಕೂ ಶುಲ್ಕ ಕೊಡಲಿಲ್ಲ.

ಇವೆಲ್ಲ ಚಿಲ್ಲರೆ ಕಳವು. ದೊಡ್ಡದು ನಡೆದದ್ದು ನನ್ನ ತಂಗಿಯ ಮದುವೆಯ ಮಾತುಕತೆಯಲ್ಲಿ.

ತಂದೆ ಮೊದಲೇ ಹೋಗಿದ್ದರು. ತಂಗಿ ಗೋಣಿಬೀಡಿನಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ವಯಸ್ಸು ಮೂವತ್ತರ ಹತ್ತಿರ ಬಂದಿತ್ತು. ಊರಿನ ಲೆಕ್ಕದಲ್ಲಿ ಅದು ದಾಟಿಹೋದ ಬಸ್ಸು. ನೋಡಲು ಬಂದವರಿಗೆಲ್ಲ ಅವಳು ಕಾಫಿ ಕೊಟ್ಟಿದ್ದಳು. ಅವರು ಹೋದ ಮೇಲೆ ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಮಾತು ಹೇಳಿ ಮುಗಿಸಿದ್ದಳು. ಒಬ್ಬನ ಬಗ್ಗೆ, "ಬಿಸ್ಕತ್ತು ಜಾಸ್ತಿ ತಿಂದ." ಇನ್ನೊಬ್ಬನ ಬಗ್ಗೆ, "ಅವ್ರಮ್ಮನ್ನೇ ಮದ್ವೆ ಆಗ್ಬೇಕಾಗ್ತದೆ."

ಆ ವರ್ಷ ನಮ್ಮ ಸೋದರಮಾವ ಒಂದು ಸಂಬಂಧ ತಂದರು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ, ಸೇತುವೆ ದಾಟಿದ ಮೇಲೆ ಬಲಗಡೆಗೆ ತೋಟ. ಒಬ್ಬನೇ ಮಗ. ಜಾತಕ ತೋರಿಸಿದ್ದಾಯಿತು, ಚೆನ್ನಾಗಿ ಕೂಡುತ್ತದೆ ಎಂದಾಯಿತು. ಹುಡುಗ ತನ್ನ ತಂದೆಯ ಜೊತೆ ಬಂದು ಹೆಣ್ಣು ನೋಡಿದ. ಕಾಫಿ ಮುಗಿಸಿ ಅವಳನ್ನೇ ಕೇಳಿದ.

"ಹೊಡೀದೆ ಹೇಳಿಕೊಟ್ರೆ ಮಕ್ಕಳು ಕಲೀತಾರಾ?"

"ಮಕ್ಕಳು ಕಲೀತಾರೆ. ಅವ್ರ ಅಪ್ಪಂದಿರು ಕಲಿಯೋದಿಲ್ಲ," ಎಂದಳು.

ಅವನು ನಕ್ಕ. ಅವನ ತಂದೆ ನಗಲಿಲ್ಲ; ಅವರು ಕಿಟಕಿಯಿಂದ ನಮ್ಮ ಬೋರ್ಡನ್ನು ನೋಡುತ್ತಿದ್ದರು.

ಅವರು ಹೋದ ಮೇಲೆ ತಂಗಿ ಲೋಟ ತೊಳೆಯುತ್ತ, "ಆಗ್ಬೋದು" ಎಂದಳು. ಅವಳ ಬಾಯಲ್ಲಿ ಆ ಮಾತನ್ನು ನಾವು ಅದೇ ಮೊದಲು ಕೇಳಿದ್ದು. ಅಮ್ಮ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.

ಇನ್ನು ಉಳಿದಿದ್ದು ನಾವು ಹೋಗಿ ಗಂಡಿನ ಮನೆ ನೋಡುವುದು. ನಮ್ಮಲ್ಲಿ ಇದೊಂದು ಸೂಕ್ಷ್ಮವಾದ ಶಾಸ್ತ್ರ. ಹೆಣ್ಣಿನ ಕಡೆಯವರು ಹೋಗಿ ಮನೆ, ಬಾವಿ, ಕೊಟ್ಟಿಗೆ, ತೋಟ ಎಲ್ಲವನ್ನೂ ನೋಡಬೇಕು. ಆದರೆ ನೋಡಲು ಬಂದವರ ಹಾಗೆ ಕಾಣಬಾರದು. ತೋರಿಸಿದ್ದಕ್ಕೆಲ್ಲ ಚೆನ್ನಾಗಿದೆ ಎನ್ನಬೇಕು. ಊಟ ಮಾಡಬೇಕು, ಎರಡನೇ ಸಲ ಬಡಿಸಿಕೊಳ್ಳಬೇಕು. ಅಲ್ಲಿ ಯಾರಾದರೂ ಹುಬ್ಬು ಗಂಟಿಕ್ಕಿದ್ದಕ್ಕೇ ಮದುವೆ ಮುರಿದುಬಿದ್ದದ್ದುಂಟು.

ಹೊರಡುವ ದಿನ ಬೆಳಿಗ್ಗೆ ತಂಗಿ ನನ್ನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು.

"ಅಣ್ಣಾ, ಅಲ್ಲಿ ಹೋಗಿ ಮರಕ್ಕೆ ಬೈಬೇಡ."

"ನಾನ್ಯಾಕೆ ಬೈಲಿ?"

"ನಿನ್ನ ಮುಖ ನೋಡಿದ್ರೆ ಗೊತ್ತಾಗ್ತದೆ. ಮರ ಹ್ಯಾಗಿದ್ರೂ ಚೆನ್ನಾಗಿದೆ ಅನ್ನು."

"ಸುಳ್ಳು ಹೇಳ್ಲಾ?"

"ನೆಂಟರ ಮನೇಲಿ ಅದಕ್ಕೆ ಸುಳ್ಳು ಅನ್ನಲ್ಲ," ಎಂದು ಅಂಗಿಯ ಕಾಲರು ಸರಿಮಾಡಿದಳು. ಸರಿಯಾಗಿದ್ದದ್ದನ್ನೇ ಇನ್ನೊಮ್ಮೆ ಸರಿಮಾಡಿದಳು. ನಾನು ಅದನ್ನು ನೋಡದವನ ಹಾಗೆ ನಿಂತೆ. ಅವಳೂ ನಾನು ನೋಡಲಿಲ್ಲ ಎಂದು ತಿಳಿದವಳ ಹಾಗೆ ಒಳಗೆ ಹೋದಳು.

ಕಾಫಿ ಹೂ ಬಿಡಿಸುವ ಹೂಮಳೆ ಮುಗಿದು ಹಲಸು ಹಣ್ಣಾಗುವ ಕಾಲ. ಮರಗಸಿಗೂ ಅದೇ ಸರಿಯಾದ ಕಾಲ. ಮಾವನೂ ನಾನೂ ಕಳಸದಲ್ಲಿ ಬಸ್ಸಿಳಿದು ಜೀಪಿನಲ್ಲಿ ಹೋದೆವು. ಹುಡುಗನ ತಂದೆ ಗೇಟಿನವರೆಗೆ ಬಂದು ಕರೆದುಕೊಂಡರು. ಊಟಕ್ಕೆ ಹಲಸಿನ ಹಣ್ಣಿನ ಕಡುಬು, ಅದರ ಮೇಲೆ ಧಾರಾಳವಾಗಿ ತುಪ್ಪ. ಮಾವ ಮೂರನೇ ಸಲವೂ ಬಡಿಸಿಕೊಂಡು, ಜಗಲಿಯ ಬೆಂಚಿನ ಮೇಲೆ ಮಲಗಿದರು. ನಮ್ಮ ಕಡೆಯ ಹಿರಿಯರು ಅವರೇ.

"ಬನ್ನಿ ಬೀಗ್ರೇ, ಹಾಗೇ ತೋಟಕ್ಕೊಂದು ಸುತ್ತು ಹೋಗ್ಬರಾಣ," ಎಂದರು ಹುಡುಗನ ತಂದೆ.

ಮಾತು ಇನ್ನೂ ಗಟ್ಟಿಯಾಗಿರಲಿಲ್ಲ. ಆಗಲೇ ಅವರ ಬಾಯಲ್ಲಿ ನಾನು ಬೀಗ. ತಂಗಿಗೆ ಹೋಗಿ ಹೇಳಲು ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ ಎಂದುಕೊಂಡು ಚಪ್ಪಲಿ ಮೆಟ್ಟಿದೆ.

ಹುಡುಗ ಹಿಂದಿನಿಂದ ಬಂದ. ಅಂಗಳದ ಮೂಲೆಯಲ್ಲಿ ಒಂದು ಬಕೆಟ್ಟಿನಲ್ಲಿ ಸುಣ್ಣ ಕಲಸಿಟ್ಟಿತ್ತು, ಅದರಲ್ಲೊಂದು ತೆಂಗಿನ ನಾರಿನ ಬ್ರಷ್. ಮದುವೆಗೆ ಮನೆಗೆ ಸುಣ್ಣ ಹೊಡೆಸುವ ತಯಾರಿ ಇರಬೇಕು ಎಂದುಕೊಂಡೆ. ಹುಡುಗ ಬಗ್ಗಿ ಆ ಬಕೆಟ್ಟು ಎತ್ತಿಕೊಂಡ.

ತೋಟ ಕೆಟ್ಟಿತ್ತು. ಮೇಲೆ ನೆರಳು ಮುಚ್ಚಿಕೊಂಡು ಕೆಳಗೆ ಅರೇಬಿಕಾ ಗಿಡಗಳು ಬಿಸಿಲಿಗೆ ಕತ್ತು ಚಾಚಿ ಕಡ್ಡಿಯಾಗಿದ್ದವು. ಹಲವು ವರ್ಷ ಯಾರೂ ಮರ ಮುಟ್ಟಿರಲಿಲ್ಲ. ನಾನು ತಂಗಿಯನ್ನು ನೆನೆದು, "ಚೆನ್ನಾಗಿದೆ" ಎಂದೆ.

"ಚೆನ್ನಾಗಿದೆ ಅಂತ ಎಲ್ರೂ ಅಂತಾರೆ ಬೀಗ್ರೇ. ಈ ಬಸರಿ ಮರ ನೋಡಿ."

"ಒಳ್ಳೇ ಮರ."

"ಇದ್ರ ಪಡುವಲ ಕಡೆ ಕೊಂಬೆ ಎಲ್ಲ ತೆಗ್ಸಿಬಿಡಾಣ ಅಂತಿದೀನಿ."

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಕಸುಬು ಗೊತ್ತಿದ್ದವನಿಂದ ಸರಿಯಾದ ಮಾತು ಹೊರಡಿಸಲು ಅವನನ್ನು ಪ್ರಶ್ನೆ ಕೇಳಬೇಕಾಗಿಲ್ಲ. ಅವನ ಎದುರಿಗೆ ಒಂದು ತಪ್ಪು ಮಾತು ಆಡಿದರೆ ಸಾಕು. ಪಶ್ಚಿಮದ ಕೊಂಬೆ ತೆಗೆದರೆ ಮಧ್ಯಾಹ್ನದ ಬಿಸಿಲು ಸೀದಾ ಕೆಳಗಿನ ಕಾಫಿಯ ಕಾಂಡಕ್ಕೆ ಬಡಿಯುತ್ತದೆ, ಎರಡು ವರ್ಷದಲ್ಲಿ ಬೋರರ್ ಬಂದು ಗಿಡ ಒಣಗುತ್ತದೆ.

"ಅಯ್ಯೋ ಬೇಡಿ," ಎಂದೆ. "ಅದನ್ನ ಬಿಟ್ಟು ಮೂಡಲ ಕಡೇದು ತೆಗೀರಿ."

"ಹೌದಾ? ನೋಡಿ, ನಮ್ಗೆ ಇದೆಲ್ಲ ಗೊತ್ತಾಗೋದಿಲ್ಲ. ಹಾಗೇ ಒಂದು ಗುರುತು ಹಾಕ್ಬಿಡಿ ಬೀಗ್ರೇ, ಮರ್ತೋಗ್ತದೆ."

ಹುಡುಗ ಬಕೆಟ್ಟು ಮುಂದೆ ಹಿಡಿದ. ನನ್ನ ನಿಯಮ ನೆನಪಿತ್ತು; ಕಾಲರು ಸರಿಮಾಡಿದ ಕೈಯೂ ನೆನಪಿತ್ತು. ಬ್ರಷ್ ತೆಗೆದುಕೊಂಡೆ.

ಆಮೇಲೆ ಒಂದು ಬೀಗ್ರೇಗೆ ಒಂದು ಮರ. ಅತ್ತಿ, ಹಲಸು, ಮತ್ತಿ, ಮತ್ತೆ ಬಸರಿ. ಅವರು ಪ್ರತಿ ಮರದ ಕೆಳಗೂ ಒಂದು ತಪ್ಪು ಹೇಳುತ್ತಿದ್ದರು, ನಾನು ತಿದ್ದುತ್ತಿದ್ದೆ, ಗುರುತು ಹಾಕುತ್ತಿದ್ದೆ. ಅಷ್ಟು ಅಚ್ಚುಕಟ್ಟಾಗಿ ತಪ್ಪು ಹೇಳಬೇಕಾದರೆ ಅವರು ಕೆಲವು ದಿನವಾದರೂ ಯೋಚನೆ ಮಾಡಿರಬೇಕು. ಹಳ್ಳದ ಪಕ್ಕದ ಒಂದು ಪಟ್ಟೆಯನ್ನು ಮಾತ್ರ, "ಅದ್ನ ಬಿಡಿ, ಪಕ್ಕದವ್ರು ಒತ್ತಿದ ಜಾಗ, ಕೋರ್ಟಲ್ಲಿ ಉಂಟು" ಎಂದು ದಾಟಿಸಿದರು. ಇಡೀ ತೋಟದಲ್ಲಿ ನನಗೆ ವಿಶ್ರಾಂತಿ ಸಿಕ್ಕಿದ್ದು ಆ ವ್ಯಾಜ್ಯದಿಂದ.

ಬಿಸಿಲು ಇಳಿಯುವ ಹೊತ್ತಿಗೆ ಹುಡುಗ ಒಂದು ಮಾತು ಆಡಿದ.

"ಸಾಕಲ್ವಾ ಅಪ್ಪಯ್ಯ."

"ನಿಂಗೇನು ಗೊತ್ತು? ಬಕೆಟ್ಟು ಸರಿಯಾಗಿ ಹಿಡ್ಕೊ," ಎಂದರು ಅವನ ತಂದೆ. ಅವನು ಸರಿಯಾಗಿ ಹಿಡಿದುಕೊಂಡ.

ಬಕೆಟ್ಟು ಬರಿದಾದ ಮೇಲೆ ಮನೆಗೆ ಬಂದೆವು. ನನ್ನ ಇಸ್ತ್ರಿ ಅಂಗಿಯ ತುಂಬ ಸುಣ್ಣದ ಚುಕ್ಕಿ. ಮಾವ ಎದ್ದು ಮುಖ ತೊಳೆದು ಕಾಫಿ ಕುಡಿದು, "ಎಲ್ಲ ಚೆನ್ನಾಗಿದೆ" ಎಂದು ನಮ್ಮ ಪಕ್ಷದ ತೀರ್ಮಾನ ತಿಳಿಸಿದರು. ಜೀಪು ಹತ್ತುವಾಗ ಹುಡುಗನ ತಂದೆ ಕೈಮುಗಿದು ನನಗೆ ಹೇಳಿದರು:

"ಆಯ್ತು, ಹೋಗ್ಬನ್ನಿ ರೈಟ್ರೇ."

ದಾರಿಯಲ್ಲಿ ಮಾವ ಕೇಳಿದರು. "ನಿಂಗೆ ರೈಟ್ರು ಅಂದ್ರಲ್ಲೋ?"

"ಬಾಯ್ತಪ್ಪಿ ಬಂದಿರ್ಬೇಕು," ಎಂದೆ.

"ಹಾಗೇ ಇರ್ಬೇಕು," ಎಂದು ಅವರು ತೇಗಿದರು.

ಮನೆಯಲ್ಲಿ ತಂಗಿ ಅಂಗಿ ನೋಡಿದಳು. ನೆನೆಸಿ ತಿಕ್ಕಿ ಒಗೆದಳು. ಮಳೆ ಹಿಡಿಯುವ ಮೊದಲು ಉತ್ತರ ಬರುತ್ತದೆ ಎಂದುಕೊಂಡೆವು. ಮಳೆ ಹಿಡಿಯಿತು. ಅವಳು ಕೊಡೆ ಹಿಡಿದುಕೊಂಡು ಗೋಣಿಬೀಡಿಗೆ ಹೋಗಿ ಬರುತ್ತಿದ್ದಳು. ಬಂದವಳು ಬಾಗಿಲಲ್ಲಿ ಕೊಡೆ ಮಡಿಸುತ್ತ ಒಳಗೆ ಒಂದು ಸಲ ನೋಡುತ್ತಿದ್ದಳು, ಮಾವನ ಚಪ್ಪಲಿ ಇದೆಯೋ ಎಂದು. ಕೊನೆಗೊಂದು ದಿನ ಚಪ್ಪಲಿ ಇತ್ತು. ಮಾವ ಒಳಗೆ ಕೂತು, ಹೊರನಾಡಿನ ಕಡೆಯವರು ಇನ್ನೊಮ್ಮೆ ಬೇರೆ ಕಡೆ ಜಾತಕ ತೋರಿಸಿದರಂತೆ, ಕೂಡುವುದಿಲ್ಲವಂತೆ ಎಂದು ಹೇಳಿ, ಅಮ್ಮ ಕೊಟ್ಟ ಕಾಫಿಯನ್ನು ಆರಿಸಿ ಕುಡಿದು ಹೋದರು.

ಸಂಜೆ ತಂಗಿ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ಕೂತಿದ್ದಳು.

"ಅವತ್ತು ಮರಕ್ಕೆ ಬೈದ್ಯಾ?"

"ಇಲ್ಲ. ಸರಿಮಾಡಿ ಬಂದೆ."

"ಬೈದಿದ್ರೆ ಒಳ್ಳೇದಿತ್ತು." ಇನ್ನೊಂದು ಕಾಪಿ ತೆಗೆದಳು. "ಸುಣ್ಣದ ಬಕೆಟ್ಟು ಯಾರು ಹಿಡ್ಕೊಂಡಿದ್ರು?"

"ಅವನೇ."

"ಏನೂ ಅನ್ಲಿಲ್ವಾ?"

"ಸಾಕಲ್ವಾ ಅಪ್ಪಯ್ಯ, ಅಂದ."

ಅವಳು ತಲೆಯೆತ್ತಿದಳು. "ಅಂದ್ರಾ? ಆಮೇಲೆ?"

"ಆಮೇಲೆ ಹಿಡ್ಕೊಂಡ."

ಕಾಪಿಯ ಮೇಲೆ ಕೆಂಪು ಪೆನ್ನಿನಿಂದ ಒಂದು ಅಡ್ಡಗೆರೆ ಎಳೆದಳು. ಅದು ಯಾವ ಮಗುವಿನ ತಪ್ಪಿಗೋ ನಾನು ಕೇಳಲಿಲ್ಲ.

ಮಾರನೇ ವರ್ಷ ಹೊರನಾಡಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಆ ತೋಟ ನೋಡಿದೆ. ಮರಗಸಿ ನನ್ನ ಗೆರೆ ಹಿಡಿದೇ ನಡೆದಿತ್ತು. ಒಂದು ಕೊಂಬೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗಿಡಗಳು ತುಂಬಿಕೊಂಡಿದ್ದವು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ನಾನು ಬೇರೆ ಎಲ್ಲೂ ಮಾಡಿಲ್ಲ. ದುಡ್ಡು ಕೊಟ್ಟವರ ತೋಟದಲ್ಲಿ ಮನಸ್ಸು ಅಷ್ಟು ನಿಲ್ಲುವುದಿಲ್ಲ. ಇಲ್ಲಿ ತಂಗಿ ಬಂದು ಇರುತ್ತಾಳೆ ಎಂದು ಮಾಡಿದ್ದೆ.

ಅದೇ ಸುಮಾರಿಗೆ ಮೂಡಿಗೆರೆಯ ಹೋಟೆಲೊಂದರಲ್ಲಿ ಪರಿಚಯದ ಪಂಪ್‌ಸೆಟ್ ಮೆಕ್ಯಾನಿಕ್ ಒಬ್ಬರು ಎದುರಿಗೆ ಕೂತರು.

"ನಿಮ್ಮ ತಂಗಿಗೆ ಕಳಸದ ಕಡೆ ನೋಡಿದ್ರಂತಲ್ಲ?"

"ನೋಡಿದ್ವಿ. ಜಾತಕ ಕೂಡ್ಲಿಲ್ಲ."

"ಸೇತುವೆ ದಾಟಿ ಬಲಗಡೆಗಾ?"

"ಹೌದು."

ಅವರು ಲೋಟ ಕೆಳಗಿಟ್ಟರು. "ನಮ್ಮಣ್ಣನ ಮಗಳಿಗೂ ಅಲ್ಲೇ ನೋಡಿದ್ದು ಮಾರಾಯ್ರೇ, ನಿಮಗಿಂತ ಮುಂಚೆ. ನಾವು ಮನೆ ನೋಡೋಕೆ ಹೋದ ದಿನಾನೇ ಅವ್ರ ಕೆರೆ ಮೋಟಾರು ಕೆಟ್ಟಿತ್ತು."

"ಸರಿಮಾಡಿದ್ರಾ?"

"ಬೀಗ್ರೇ ಅಂದ್ರು. ಮಾಡ್ದೆ."

"ಸ್ಪ್ಯಾನರ್ ತಗೊಂಡು ಹೋಗಿದ್ರಾ?"

"ಎಲ್ಲಿ. ಅಲ್ಲೇ ಒರೆಸಿ ಸಾಲಾಗಿ ಇಟ್ಟಿದ್ರು."

"ಜಾತಕ?"

"ಕೂಡ್ಲಿಲ್ಲ."

ಅವರು ಮತ್ತೆ ಲೋಟ ಎತ್ತಿಕೊಂಡರು. ಆಮೇಲೆ ಅವರೇ ಕೇಳಿದರು. "ನಿಮಗೆ ಊಟಕ್ಕೆ ಏನು ಹಾಕಿದ್ರು?"

"ಹಲಸಿನ ಕಡುಬು."

"ನಮಗೆ ಹೋಳಿಗೆ," ಎಂದರು. ಅದರಲ್ಲಿ ಅವರಿಗೆ ಒಂದಿಷ್ಟು ಸಮಾಧಾನ ಇದ್ದ ಹಾಗೆ ಕಂಡಿತು.

ನಾನು ಯಾರಿಗೂ ಅನ್ಯಾಯ ಮಾಡುವವನಲ್ಲ. ಹುಡುಗನ ತಂದೆ ಮೋಸ ಮಾಡಬೇಕೆಂದೇ ಕರೆಸಿದರು ಎಂದು ಹೇಳಲಾರೆ. ಪ್ರತಿ ಸಲವೂ ಮಗನ ಮದುವೆ ಮಾಡುವ ಮನಸ್ಸು ಅವರಿಗೆ ನಿಜವಾಗಿಯೇ ಇದ್ದಿರಬಹುದು. ಕೆಟ್ಟದ್ದು ಸರಿಹೋದ ಕೂಡಲೇ ಸಂಬಂಧದ ಅವಸರ ತೀರಿಹೋಗುತ್ತಿತ್ತು, ಅಷ್ಟೆ. ಮೋಟಾರು ಒಂದು ಮಧ್ಯಾಹ್ನದಲ್ಲಿ ಸರಿಯಾಗುತ್ತದೆ, ಮರವೂ ಅಷ್ಟೇ. ಶಾಶ್ವತವಾದ ಸಂಬಂಧ ಬೇಕೆಂದರೆ ಮನೆಯಲ್ಲಿ ಅಷ್ಟೇ ಶಾಶ್ವತವಾದ ತೊಂದರೆ ಇರಬೇಕು. ಅದೂ ಅವರಲ್ಲಿತ್ತು, ಹಳ್ಳದ ಪಕ್ಕದ ವ್ಯಾಜ್ಯ. ಚಿಕ್ಕಮಗಳೂರಿನ ವಕೀಲರೊಬ್ಬರ ಮಗಳ ಜಾತಕ ಮೊದಲ ಸಲಕ್ಕೇ ಕೂಡಿ ಬಂತು.

ತಂಗಿಗೆ ಮತ್ತೆ ಗಂಡು ನೋಡೋಣ ಎಂದಾಗ ಅವಳು ಬೇಡ ಎನ್ನಲಿಲ್ಲ. "ಮೊದ್ಲು ಅವ್ರ ಮನೇಲಿ ಏನು ಕೆಟ್ಟಿದೆ ಅಂತ ಕೇಳ್ಕೊಂಡು ಬಾ," ಎಂದಳು. ತಮಾಷೆಗೆ ಹೇಳಿದಳು ಎಂದು ಅಮ್ಮ ನಕ್ಕಳು. ಆಮೇಲೆ ಬಂದವರಿಗೆ ಕಾಫಿ ಕೊಡಲು ಅವಳು ಹೊರಗೆ ಬರಲಿಲ್ಲ. ಅಮ್ಮನೇ ಕೊಟ್ಟಳು. ಕ್ರಮೇಣ ಬರುವವರೂ ನಿಂತರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಮೂಡಿಗೆರೆಯ ಗೊಬ್ಬರದ ಅಂಗಡಿಯಲ್ಲಿ ಆ ಹುಡುಗನ ತಂದೆಯೇ ಸಿಕ್ಕಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಅವರಿಗೆ ಒಂಚೂರೂ ಮುಜುಗರವಾಗಲಿಲ್ಲ. ಹಳೆಯ ಸ್ನೇಹಿತನನ್ನು ಕಂಡ ಹಾಗೆ ಭುಜ ಹಿಡಿದರು.

"ರೈಟ್ರೇ, ಅವತ್ತು ನೀವು ಹೇಳಿದ್ದು ಭಾರೀ ಒಳ್ಳೇದಾಯ್ತು ಮಾರಾಯ್ರೇ. ಈಗ ಆ ಬಸರಿಗೆ ಮೆಣಸಿನ ಬಳ್ಳಿ ಬಿಟ್ಟಿದೀನಿ."

"ಚೆನ್ನಾಗಿದೆ," ಎಂದೆ.

"ಬಳ್ಳಿಗೆ ಬಿಸಿಲು ಬೇಕಲ್ಲ, ಅದಕ್ಕೆ ಈ ಸಲ ಮರದ ತಲೇನೇ ಕಡ್ಸಿಬಿಡಾಣ ಅಂತಿದೀನಿ."

ಅಂಗಡಿಯವನು ನನ್ನ ಚೀಲ ಕಟ್ಟುತ್ತಿದ್ದ. ಸುಮ್ಮನೆ ಚೀಲ ಎತ್ತಿಕೊಂಡು ಹೊರಟುಬಿಡಬಹುದಿತ್ತು. ಬಾಗಿಲವರೆಗೆ ಹೋದೆ ಕೂಡ.

"ತಲೆ ಕಡಿಬೇಡಿ," ಎಂದೆ. "ಒಳಗಿನ ಸಣ್ಣ ಕೊಂಬೆ ಮಾತ್ರ ತೆಗೀರಿ. ಪಡುವಲದ್ದು ಹಾಗೇ ಇರ್ಲಿ."

ಅವರು ಹಾಗೆಯೇ ಮಾಡಿಸಿದರು. ಮೆಣಸು ಚೆನ್ನಾಗಿ ಬಂತು. ಹಳ್ಳದ ಪಕ್ಕದ ಜಾಗದ ವ್ಯಾಜ್ಯ ಅವರ ಪರವಾಗಿ ತೀರ್ಮಾನವಾಯಿತು. ನನ್ನ ತಂಗಿ ಗೋಣಿಬೀಡಿನ ಅದೇ ಶಾಲೆಯಲ್ಲಿ ನಿವೃತ್ತಳಾದಳು. ಮದುವೆಯಾಗಲಿಲ್ಲ.